ಪರವಾ ಇಲ್ಲ

ಜನವಾಡ
೧೮ ನವೆಂಬರ್ ೨೦೨೫, ಮಂಗಳವಾರ ಸಂಜೆ

ಪ್ರೀತಿಯ ಜೇಬಾ,

ಜೈಭೀಮ, ಸಲಾಮ್, ಎರಡೂ ತಗೊ. ಹೇಗಿದ್ದೀಯಾ? ಭಾಲ್ಕಿಯ ಹಾಸ್ಟೆಲಿನಲ್ಲಿ ಬಿಸಿನೀರು ಬರಲು ಶುರುವಾಯಿತಾ, ಇಲ್ಲ ಇನ್ನೂ ಎರಡು ದಿನಕ್ಕೊಮ್ಮೆ ಸ್ನಾನವಾ? ನಿನ್ನ ಪತ್ರ ದೀಪಾವಳಿಗೂ ಮೊದಲೇ ಬಂದಿತ್ತು. ಉತ್ತರ ಇಷ್ಟು ತಡವಾಯಿತೆಂದು ಬೈಬೇಡ. ಮೊದಲು ಸೋಯಾಬೀನ್ ರಾಶಿ, ಅದು ಮುಗಿಯುವುದರೊಳಗೆ ಕಾಲೇಜಿನಲ್ಲಿ ಪರೀಕ್ಷೆ, ಅದರ ಮೇಲೆ ಅವ್ವನ ಮಂಡಿನೋವು. ಇವೆಲ್ಲ ನೆಪ. ನಿಜವೆಂದರೆ ಬರೆಯುವಂಥದ್ದು ಏನೂ ಆಗಿರಲಿಲ್ಲ. ಇವತ್ತು ಆಗಿದೆ.

ನಿಮ್ಮ ವಾರ್ಡನ್ ಮೇಡಂ ಎಲ್ಲರ ಪತ್ರ ಒಡೆದು ನೋಡುತ್ತಾರೆ ಅಂತ ಬರೆದಿದ್ದೆಯಲ್ಲ. ಮೇಡಂ, ನೀವು ಓದುತ್ತಿದ್ದರೆ ನಿಮಗೂ ನಮಸ್ಕಾರ. ಮುಂದೆ ಅಭ್ಯಾಸದ ವಿಷಯ ಒಂದೂ ಇಲ್ಲ, ಇಲ್ಲಿಗೇ ಬಿಟ್ಟರೆ ನಿಮ್ಮ ತಲೆ ತಣ್ಣಗಿರುತ್ತದೆ.

ಮೊದಲು ನಿಮ್ಮ ಮನೆಯ ಸುದ್ದಿ. ಶನಿವಾರ ಬೀದರದ ಚೌಬಾರದ ಹತ್ತಿರ ನಿನ್ನ ಅಮ್ಮಿ, ನಮ್ಮ ಗೌಹರ ಖಾಲಾ, ಸಿಕ್ಕಿದ್ದರು. ನನ್ನನ್ನು ನೋಡಿದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಾರೆ. "ಜೇಬಾ ಹೋದ ಮ್ಯಾಲ ನೀ ಮನಿ ಕಡೀ ಬರೂದೇ ಬಿಟ್ಟಿಯಲ್ಲವಾ" ಅಂದರು. ಸ್ವೆಟರ್ ಹಾಕಿಕೊಳ್ಳದೆ ತಿರುಗಬೇಡ ಅಂತ ನಿನಗೆ ಹೇಳಬೇಕಂತೆ. ಹೇಳಿದೆ. ಹಾಕಿಕೊ.

ಈಗ ಕೇಳು. ನಿನಗೆ ಗೊತ್ತಿರುವುದನ್ನೇ ಮತ್ತೆ ಮೊದಲಿನಿಂದ ಬರೆಯುತ್ತೇನೆ. ಅದಿಲ್ಲದೆ ಇವತ್ತಿನದನ್ನು ಹೇಳಲು ನನಗೆ ಬರುವುದಿಲ್ಲ.

ಹತ್ತನೆಯ ತರಗತಿಯ ಆ ಆರು ತಿಂಗಳು ನೆನಪಿದೆಯಲ್ಲ? ನಮ್ಮ ಪಕ್ಕದ ಶಾಲೆಗೆ ಬರುತ್ತಿದ್ದ ಔರಾದಿನ ಸ್ವಪ್ನಿಲ, ಔರಾದ ಬಸ್ಸು, ಅವನ ಬಿಳಿ ದಸ್ತಿ. ಬಸ್ಸು ಔರಾದ ಬಿಡುವಾಗಲೇ ಪಕ್ಕದ ಸೀಟಿಗೆ ಆ ಕರವಸ್ತ್ರ ಹಾಕಿಬಿಡುತ್ತಿದ್ದ. ಜನವಾಡದಲ್ಲಿ ನಾನು ಹತ್ತುವವರೆಗೆ ಆ ಒಂದು ಸೀಟಿಗಾಗಿ ಬಸ್ಸಿನ ಅರ್ಧ ಹೆಂಗಸರ ಜೊತೆ ಜಗಳ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಎಲ್ಲಿರುತ್ತದೆ ಹೇಳು. "ನಿನ್ನ ದಸ್ತಿಗೂ ಆಧಾರ್ ಕಾರ್ಡ್ ಅದ ಏನೋ?" ಅಂತ ಒಬ್ಬಾಕೆ ಕೇಳಿದ್ದಳಂತೆ. ಅದಕ್ಕವನು "ಅದ ರಿ ಮಾವುಶಿ, ಮನ್ಯಾಗ ಮರೆತು ಬಂದದ" ಅಂದಿದ್ದನಂತೆ. ಅವನ ಮಾತೇ ಹಾಗೆ. ಮನೆಯಲ್ಲಿ ಮರಾಠಿ, ಬಸ್ಸಿನಲ್ಲಿ ಕನ್ನಡ, ಲೆಕ್ಕ ಮಾಡುವಾಗ ಮತ್ತೆ ಮರಾಠಿ, ಜಗಳಕ್ಕೆ ಎರಡೂ.

ಫೆಬ್ರವರಿಯ ಒಂದು ಶನಿವಾರ ಅವನು ಬರಲಿಲ್ಲ. ಅವತ್ತು ನನಗೆ ಬೀದರ ಮುಟ್ಟುವುದೇ ಬೇಡವಾಗಿತ್ತು. ಸಂಜೆ ಅವ್ವನ ಫೋನಿನಿಂದ ಮೆಸೇಜ್ ಬರೆದೆ, ಅಳಿಸಿದೆ, ಮತ್ತೆ ಬರೆದೆ. "ನೀ ಇಲ್ಲದ ಬಸ್ಸ ಭಣಭಣ ಅನಸ್ತದ. ನಿನಗೂ ಹಂಗ ಅನಸ್ತದೇನು? ನಾಡದ್ದ ಸೋಮವಾರ ಬಸ್ಸಿನ್ಯಾಗ ಖರೇ ಖರೇ ಹೇಳು." ಕಳಿಸಿ, ಫೋನನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ಕಣ್ಣು ಮುಚ್ಚಿ ಕೂತೆ. ಉತ್ತರ ಬಂತು. ಎರಡೇ ಮಾತು. "ಪರವಾ ಇಲ್ಲ."

ಜೇಬಾ, ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಹೇಳುವ ಮಾತು ಅದು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಹೇಳುವ ಮಾತು. ನಾನು ನನ್ನ ಜೀವ ತೆಗೆದು ಅವನ ಕೈಯಲ್ಲಿಟ್ಟರೆ, ಪರವಾ ಇಲ್ಲವಂತೆ! ಅಲ್ಲೇ ಕೂತಲ್ಲೇ ಅವನನ್ನು ಬ್ಲಾಕ್ ಮಾಡಿದೆ. ಸೋಮವಾರ ಬಸ್ಸಿನಲ್ಲಿ ನೋಡಿದರೆ ಅವನೇ ಇಲ್ಲ. ಇನ್ನೇನು ಬೇಕು ಸಾಕ್ಷಿಗೆ?

ಅವ್ವನ ಫೋನು ಕದ್ದು ಶಾಲೆಗೆ ತಂದು, ಬೇವಿನ ಗಿಡದ ಕೆಳಗೆ ನಿನಗೆ ತೋರಿಸಿದೆ. ನೀನು ಓದಿ, "ಛೋಡ್ ದೇ. ದಿಲ್‌ಕೂ ಕುಂಡಿ ಲಗಾಲೇ" ಅಂದೆ. ಬಾಗಿಲಿಗೆ ಚಿಲಕ ಹಾಕುವ ಹಾಗೆ ಎದೆಗೂ ಚಿಲಕ ಹಾಕಿಕೊ ಅಂತ ನೀನು ನಿಮ್ಮ ದಖನಿಯಲ್ಲಿ ಹೇಳಿದರೆ, ನನ್ನ ಕನ್ನಡದ ಕಿವಿಗೆ ಬೇರೆಯದೇ ಕೇಳಿಸಿ, ಅಳುತ್ತಿದ್ದವಳು ಕಿಸಕ್ಕನೆ ನಕ್ಕುಬಿಟ್ಟೆ. ನೀನೂ ನಕ್ಕೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಕ್ಕೆ ಪಿ.ಟಿ. ಸರ್ ಬೈದರು. ಅವತ್ತಿನಿಂದ ನಮ್ಮಿಬ್ಬರಿಗೂ ಅದೇ ಮಂತ್ರವಾಯಿತು.

ಮಂಗಳವಾರದಿಂದ ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಬೆನ್ನು ತಿರುಗಿಸಿ ಕೂತೆ. ಒಂದು ವಾರ ಅವನು ದಸ್ತಿ ಹಾಕಿ ಕಾದ. ನಾನು ನೋಡಿಯೂ ನೋಡಲಿಲ್ಲ. ಆಮೇಲೆ ಅವನೂ ಬಿಟ್ಟ. ಪರೀಕ್ಷೆ ಮುಗಿಯಿತು, ಅವನು ಔರಾದಿನಲ್ಲೇ ಪಿಯುಸಿ ಸೇರಿದ, ನೀನು ಭಾಲ್ಕಿಗೆ ಹೋದೆ, ನಾನೊಬ್ಬಳೇ ಬೀದರದಲ್ಲಿ ಉಳಿದೆ.

ಕುಂಡಿ ಭದ್ರವಾಗಿದೆ ಅಂತ ನಿನಗೆ ಹೋದ ಪತ್ರದಲ್ಲಿ ಜಂಬ ಕೊಚ್ಚಿದ್ದೆ. ಸುಳ್ಳಲ್ಲ. ನಮ್ಮ ಕ್ಲಾಸಿನ ಅಶ್ವಜಿತ ಅಂತ ಒಬ್ಬ ಇದ್ದಾನೆ, ಒಳ್ಳೆಯ ಹುಡುಗನೇ. ಲ್ಯಾಬಿನಲ್ಲಿ ಹತ್ತಿರ ಬಂದು "ಪ್ರಣಾಲಿ, ನಿನ್ನ ನಗು ಭಾಳ ಚಂದ ಅದ" ಅಂದ. "ನಗು ನೋಡೂದು ಬಿಟ್ಟು ಬ್ಯುರೆಟ್ ನೋಡು, ಆಸಿಡ್ ಚೆಲ್ಲಲಿಕತ್ತದ" ಅಂದೆ. ಪಾಪ, ನಿಜವಾಗಿಯೂ ಚೆಲ್ಲುತ್ತಿತ್ತು. ಈಗ ಅವನು ಬ್ಯುರೆಟ್ ಬೇಕಾದರೆ ಮಾತ್ರ ನನ್ನನ್ನು ಮಾತಾಡಿಸುತ್ತಾನೆ.

ಆದರೆ ನಿನಗೆ ಬರೆಯದ ಒಂದು ಸಂಗತಿ ಇದೆ. ದಿನಾ ಬೆಳಿಗ್ಗೆ ಔರಾದ ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ನಾನು ಕಿಟಕಿಗಳನ್ನೇ ನೋಡುತ್ತೇನೆ. ಅವನು ಇರುವುದಿಲ್ಲ ಅಂತ ಗೊತ್ತು, ಅವನ ಕಾಲೇಜೇ ಔರಾದಿನಲ್ಲಿ. ಆದರೂ ನೋಡುತ್ತೇನೆ. ಬಸ್ಸು ಹತ್ತಿದ ಮೇಲೆ ಬೀದರ ಬರುವವರೆಗೆ ನನಗೆ ನನ್ನ ಮೇಲೇ ಸಿಟ್ಟು. ನನಗೆ ಅವನು ಬೇಕನಿಸುತ್ತದೆ ಕಣೇ. ಬರೆದೇಬಿಟ್ಟೆ ನೋಡು.

ಇವತ್ತು ಬೆಳಿಗ್ಗೆ ಬಸ್ಸು ಹತ್ತಿದಾಗ ಒಬ್ಬ ಮುದುಕಿ ಸರಿದು ಜಾಗ ಕೊಟ್ಟಳು. ಹಸಿರು ನೌವಾರಿ ಸೀರೆ, ಕೈಯಲ್ಲಿ ಸ್ಟೀಲಿನ ಡಬ್ಬಿ. ಹೆಸರು ಶಾಲುಬಾಯಿ, ಊರು ಔರಾದ ಹತ್ತಿರದ ಎಕಂಬಾ. ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದಿದೆ, ಆಪರೇಶನ್‌ಗೆ ಬೀದರದ ದವಾಖಾನೆಗೆ ಹೊರಟಿದ್ದಾಳೆ. ಮಗ ಹಿಂದೆ ಎಲ್ಲೋ ಬಾಗಿಲ ಹತ್ತಿರ ಜೋತಾಡುತ್ತಿದ್ದಾನೆ. ಇಷ್ಟೂ ನಾನು ಕೂರುವುದರೊಳಗೇ ಹೇಳಿದಳು. ಅರ್ಧ ಕನ್ನಡ, ಅರ್ಧ ಮರಾಠಿ.

"ಹೆದರಿಕಿ ಆಗ್ತದೇನು ಆಯಿ?" ಅಂದೆ.

"ಹೆದರಿಕಿ ಯಾತರದು? ಇವತ್ತ ಭರ್ತಿ ಮಾಡ್ಕೋತಾರ, ಉದ್ಯಾ ಆಪರೇಶನ್, ಪರವಾ ನಮ್ಮ ಮೊಮ್ಮಗ ಬಂದು ಕರ್ಕೊಂಡು ಹೋಗ್ತಾನ. ಡಾಕ್ಟರು ಬಿಟ್ರ ಪರವಾ. ಪರವಾ ಇಲ್ಲಂದ್ರ ತೇರವಾ."

ನಾನು ಕಿಟಕಿಯ ಕಡೆ ನೋಡುತ್ತಿದ್ದವಳು ತಿರುಗಿದೆ. ಮರಾಠಿಯ "ಪರವಾ" ನಾನೇನು ಕೇಳದ ಮಾತಲ್ಲ. ಸಂತೆಯಲ್ಲಿ ದಿನಾ ಕಿವಿಗೆ ಬೀಳುತ್ತದೆ. ಆದರೆ ಅದರ ಹಿಂದೆ ನಮ್ಮ "ಇಲ್ಲ" ಬಂದು ಕೂತರೆ ಯಾರಿಗೆ ಹೊಳೆಯುತ್ತದೆ ಹೇಳು!

"ಆಯಿ, ಏನಂದ್ರಿ? ಇನ್ನೊಮ್ಮೆ ಹೇಳ್ರಿ."

"ಏನಂದೆ? ಪರವಾ ಇಲ್ಲಂದ್ರ ತೇರವಾ ಅಂದೆ."

"ಪರವಾ ಇಲ್ಲ ಅಂದ್ರ ಏನ್ರಿ?"

"ಅಯ್ಯ, ಹುಚ್ಚೇನ ನಿನಗ? ನಾಡದ್ದ ಇಲ್ಲ ಅಂತ. ತೇರವಾ ಅಂದ್ರ ಅದರ ಮರುದಿನ. ಎಷ್ಟನೇ ಓದ್ತಿ ನೀ?"

ಏನು ಹೇಳಲಿ ಜೇಬಾ. ಕಾಲೇಜು ಓದುವವಳು ಅಂತ ಹೇಳಲು ನಾಚಿಕೆಯಾಯಿತು. ನಾನು ಅವನಿಗೆ ಬರೆದದ್ದು ಏನು? "ನಾಡದ್ದ ಬಸ್ಸಿನ್ಯಾಗ ಹೇಳು." ಅವನ ಉತ್ತರ ಏನು? ನಾಡಿದ್ದು ನಾನಿಲ್ಲ. ಅಷ್ಟೇ! ಸೋಮವಾರ ಬರುವುದಿಲ್ಲ ಅಂತ ರಜೆ ಹೇಳಿದವನನ್ನು ನಾನು ಪಾಪಿ ಮಾಡಿ ಕೂರಿಸಿದ್ದೇನೆ.

ತಾಳು, ಮುಗಿದಿಲ್ಲ. "ನಿಮ್ಮ ಮೊಮ್ಮಗನ ಹೆಸರೇನ್ರಿ?" ಅಂತ ಸುಮ್ಮನೆ ಮಾತಿಗೆ ಕೇಳಿದೆ. "ಸ್ವಪ್ನಿಲ. ಅಲ್ಲಿ ನಿಂತಾನಲ್ಲ, ನಮ್ಮ ಪಂಢರಿ, ಅವನ ಮಗ. ಔರಾದ ಕಾಲೇಜಿನ್ಯಾಗ ಹಾನ. ಹೋದ ವರ್ಷ ಇದೇ ಬಸ್ಸಿಗಿ ಬರ್ತಿದ್ದ. ಚಲೋ ನಗತಿದ್ದ ಹುಡುಗ, ಈಗ ಮಾತೇ ಕಡಿಮಿ ಮಾಡ್ಯಾನ."

ಬೀದರ ಬಂದದ್ದು ನನಗೆ ತಿಳಿಯಲೇ ಇಲ್ಲ. ಡಬ್ಬಿ ಇಳಿಸಿಕೊಟ್ಟು, ಪಂಢರಿ ಕಾಕಾನ ಮುಖ ನೋಡದೆ ಓಡಿದೆ. ಇಡೀ ದಿನ ಕ್ಲಾಸಿನಲ್ಲಿ ಏನು ನಡೆಯಿತೋ ದೇವರಿಗೇ ಗೊತ್ತು.

ಈಗ ನನ್ನ ಫಜೀತಿ ನೋಡು. ಗುರುವಾರ ಸಂಜೆ ಅವನು ಅಜ್ಜಿಯನ್ನು ಕರೆದುಕೊಂಡು ಔರಾದ ಬಸ್ಸಿಗೇ ಬರಬೇಕು, ನಾನು ಊರಿಗೆ ಬರುವ ಬಸ್ಸು ಅದೇ. ಮುಂಚೆ ಹೊರಟುಬಿಡಲೇ? ಇಲ್ಲ, ನಿಂತು ಮಾತಾಡಿಸಲೇ? ಮಾತಾಡಿಸಿದರೆ ಚಿಲಕ ತೆಗೆದ ಹಾಗೆ. ತೆಗೆದ ಮೇಲೆ ಅವನು ಈ ಸಲ ಅಪ್ಪಟ ಕನ್ನಡದಲ್ಲೇ "ಪರವಾ ಇಲ್ಲ" ಅಂದುಬಿಟ್ಟರೆ? ಒಮ್ಮೆ ಹೇಗೋ ತಡೆದುಕೊಂಡೆ. ಇನ್ನೊಮ್ಮೆ ನನ್ನ ಕೈಲಾಗುವುದಿಲ್ಲ. ನೀನು ಹತ್ತಿರ ಇದ್ದಿದ್ದರೆ ಕೈ ಹಿಡಿದುಕೊಂಡು ಕೇಳುತ್ತಿದ್ದೆ. ಗುರುವಾರ ಆಗಲಿ, ಆಮೇಲೆ ಮುಂದಿನದು ಬರೆಯುತ್ತೇನೆ. ಅವ್ವ ರೊಟ್ಟಿಗೆ ಕರೆಯುತ್ತಿದ್ದಾಳೆ.

೨೧ ನವೆಂಬರ್, ಶುಕ್ರವಾರ

ಜೇಬಾ, ನಿಂತೆ. ಓಡಿಹೋಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ಅಜ್ಜಿಯ ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ. ಅವನು ಎತ್ತರವಾಗಿದ್ದಾನೆ. ಮೂಗಿನ ಕೆಳಗೆ ಮೀಸೆ ಅಂತ ಅವನೇ ತಿಳಿದುಕೊಂಡಿರುವ ಏನೋ ಒಂದು ಬಂದಿದೆ. ನನ್ನನ್ನು ನೋಡಿದ, ತಲೆ ತಗ್ಗಿಸಿದ. ನಾನು ತಿರುಗಿ ಹೋಗುವವಳಿದ್ದೆ. ಅಜ್ಜಿ ಬಿಡಬೇಕಲ್ಲ! ಬಸ್ಸು ಹತ್ತುವಾಗ ನನ್ನ ದನಿ ಕೇಳಿದ್ದೇ, "ಅದು ಜನವಾಡದ ಹುಡುಗಿ ಅಲ್ಲೇನು? ಬಾ ಬಾ, ಇಲ್ಲೇ ಕೂಡು" ಅಂತ ಕೈ ಹಿಡಿದು ಎಳೆದಳು. ಮೂರು ಜನರ ಸೀಟು. ಕಿಟಕಿಗೆ ಅವನು, ಈ ಕಡೆ ನಾನು, ನಡುವೆ ಅಜ್ಜಿ.

ಬಸ್ಸು ನಗರ ದಾಟಿತು. ಕಡೆಗೆ ನಾನೇ ಅಂದೆ, "ಹ್ಯಾಂಗಿದ್ದಿ ಸ್ವಪ್ನಿಲ?"

"ಪರವಾ ಇಲ್ಲ" ಅಂದ.

ನನಗೆ ನಗು ಬಂತೋ ಅಳು ಬಂತೋ! "ಯಾವ ಪರವಾ? ಕನ್ನಡದ್ದೋ ಮರಾಠಿದೋ?" ಅಂತ ಜೋರಾಗಿಯೇ ಕೇಳಿಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಆಗ ನಾನು ಎಲ್ಲ ಹೇಳಿದೆ. ಮೆಸೇಜು, ಉಪ್ಪಿಲ್ಲದ ಪಲ್ಯ, ಬ್ಲಾಕು, ಅವನ ಅಜ್ಜಿ ಮಾಡಿದ ಪಾಠ, ಎಲ್ಲ. ಹೇಳುತ್ತಾ ಹೇಳುತ್ತಾ ಅವನ ಮುಖ ನೋಡುವ ಧೈರ್ಯ ಹೋಗಿ ಅಜ್ಜಿಯ ಕಪ್ಪು ಕನ್ನಡಕವನ್ನೇ ನೋಡುತ್ತಾ ಮುಗಿಸಿದೆ.

"ಅಯ್ಯ ಯವ್ವಾ" ಅಂದ ಅವನು. ಆಮೇಲೆ ಅಂದ, "ಅಕ್ಕಗ ವರ ನೋಡ್ಲಿಕ್ಕ ಸೋಮವಾರ ನಿಲಂಗಾಕ್ಕ ಹೋಗೂದಿತ್ತು. ಅದಕ್ಕ ಪರವಾ ಇಲ್ಲ ಅಂತ ಕಳಿಸಿದೆ. ಅದರ ಹಿಂದೇ ತೇರವಾ ಬರ್ತೇನಿ, ಬಂದು ಹೇಳ್ತೇನಿ ಅಂತ ಇನ್ನೊಂದು ಕಳಿಸಿದೆ. ಅದು ನಿನಗ ಮುಟ್ಟಲೇ ಇಲ್ಲ."

"ಏನು ಹೇಳಾಂವ ಇದ್ದಿ?"

ಅವನು ಅಜ್ಜಿಯನ್ನು ನೋಡಿದ. ಅಜ್ಜಿ ನಿದ್ದೆ ಮಾಡುತ್ತಿದ್ದಾಳೆ ಅಂತ ನಾವಿಬ್ಬರೂ ತಿಳಿದಿದ್ದೆವು. "ಪಟ್ಟಿ ಕಣ್ಣಿಗಿ ಕಟ್ಯಾರ, ಕಿವಿಗಲ್ಲ. ನಾ ಕೇಳಿದ್ರೇನು, ಹೇಳಲಾ" ಅಂದಳು! ಆ ಭಂಡತನ ನನಗೆ ಬಹಳ ಇಷ್ಟವಾಯಿತು.

ಸ್ವಪ್ನಿಲನ ಕಿವಿ ಕೆಂಪಾದವು. "ನನಗೂ ಹಂಗೇ ಅನಸ್ತದ ಅಂತ ಹೇಳಾಂವ ಇದ್ದೆ" ಅಂದ.

ಇದ್ದೆ ಅಂದ, ಕೇಳಿಸಿಕೊಂಡೆಯಾ? ನಾನೂ ಕೇಳಿಸಿಕೊಂಡೆ. "ಈಗ?" ಅಂದೆ.

ಅವನು ಹೊರಗೆ ನೋಡಿದ. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. "ಈಗ ಗೊತ್ತಿಲ್ಲ ಪ್ರಣಾಲಿ. ನೀ ಮುಖಾ ತಿರುಗಿಸಿ ಡ್ರೈವರ್ ಹಿಂದ ಕುಂತಿ ನೋಡು, ಆ ವಾರ ನಾ ಊಟಾ ಸುದ್ದಾ ಮಾಡಿಲ್ಲ. ಏನು ತಪ್ಪ ಮಾಡೇನಿ ಅಂತ ಭಾಳ ತಲಿ ಕೆಡಿಸ್ಕೊಂಡೆ. ಆಮ್ಯಾಲ ಯಾರ ಸುದ್ದಿಗೂ ಹೋಗಬಾರದು ಅಂತ ಮಾಡ್ದೆ. ಅದೇ ರೂಢಿ ಆಗೇದ. ನೀ ಇವತ್ತ ಹೇಳ್ದಿ ಅಂತ ಇವತ್ತೇ ಬಿಡ್ಲಿಕ್ಕ ಬರೂದಿಲ್ಲ."

"ನನಗೂ ಅದೇ ರೂಢಿ ಆಗೇದ" ಅಂದೆ.

"ಹಂಗಾರ ಸಾವಕಾಶ ಬಿಡೂಣು" ಅಂದ. ಅಂದು ನಕ್ಕ. ಜೇಬಾ, ಮೊದಲಿನದೇ ನಗು. ಇಷ್ಟು ತಿಂಗಳು ಅದಿಲ್ಲದೆ ಹೇಗಿದ್ದೆ ನಾನು?

ಜನವಾಡ ಬಂತು. ಕಂಡಕ್ಟರ್ ಕೂಗುತ್ತಿದ್ದಾನೆ, ನಾನು ಏಳಲೊಲ್ಲೆ. ಅಜ್ಜಿಯೇ ಮೊಣಕೈಯಿಂದ ತಿವಿದಳು. "ಮುಂದಿನ ಗುರುವಾರ ಮತ್ತ ಕಣ್ಣು ತೋರಸೂದದ. ಆವಾಗ ಮಾತಾಡ್ರಿ. ಈಗ ಇಳಿ, ಇಲ್ಲಂದ್ರ ಸಂತಪುರಕ್ಕ ಇಳೀಬೇಕಾಗ್ತದ." ಬಸ್ಸು ಹೋದ ಮೇಲೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಅವನನ್ನು ಅನ್‌ಬ್ಲಾಕ್ ಮಾಡಿದ್ದು.

ಪ್ರೀತಿ ಆಯಿತು ಅಂತ ಬರೆಯಲಾರೆ, ಆಗಲಿಲ್ಲ ಅಂತಲೂ ಬರೆಯಲಾರೆ. ಮುಂದಿನ ಗುರುವಾರ ಇನ್ನೂ ಬಹಳ ದೂರ ಅನಿಸುತ್ತಿದೆ, ಅಷ್ಟೇ ಗೊತ್ತು. ಇಷ್ಟು ಖುಷಿ, ಇಷ್ಟು ಹೆದರಿಕೆ ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಹೇಗೆ ತಿರುಗುವುದೋ.

ನೀನು ಚೆನ್ನಾಗಿ ಓದು. ಬಯಾಲಜಿಗೆ ಹೆದರಬೇಡ, ನಿನ್ನ ಚಿತ್ರಗಳಿಗೇ ಅರ್ಧ ಮಾರ್ಕ್ಸು ಬರುತ್ತವೆ. ಹಾಸ್ಟೆಲಿನಲ್ಲಿ ಒಬ್ಬಳೇ ಕೂತು ಅಳಬೇಡ, ಅತ್ತರೂ ಊಟ ಬಿಡಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ. ನಮ್ಮ ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಶೇಂಗಾ ಹೋಳಿಗೆ ಕಳಿಸುವ ದಾರಿ ಹುಡುಕುತ್ತಿದ್ದಾಳೆ.

ನಿನ್ನ
ಪ್ರಣಾಲಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಬಸ್ಸಿನಲ್ಲಿ ನಡೆದ ಒಂದು ಮಾತು ಮೇಲೆ ಬರೆಯಲಿಲ್ಲ. ಸ್ವಪ್ನಿಲ ಕೇಳಿದ, "ಆ ಮೆಸೇಜ ಯಾರಿಗೂ ತೋರಸ್ಲಿಲ್ಲೇನು?" ಜೇಬಾಗೆ ತೋರಿಸಿದೆ ಅಂದೆ. ಅದಕ್ಕವನು "ಜೇಬಾ ಉದಗೀರದ ಮರಾಠಿ ಸಾಲ್ಯಾಗ ಓದಿದಾಕಿ ಅಲ್ಲೇನು?" ಅಂದ. ಮತ್ತೆ ಆ ಮಾತು ಎತ್ತಲಿಲ್ಲ.

ಅದನ್ನು ಹಿಂದೊಮ್ಮೆ ಅವನಿಗೆ ಹೇಳಿದವಳು ನಾನೇ. ಏಳನೆಯವರೆಗೆ ನೀನು ಉದಗೀರದಲ್ಲಿ ನಾನಿಯ ಮನೆಯಲ್ಲಿದ್ದೆ, ಆ ಶಾಲೆಯಲ್ಲೇ ಓದಿದೆ. ನಿನಗೆ ಕನ್ನಡಕ್ಕಿಂತ ಮರಾಠಿಯೇ ಮೊದಲು ಬಂದದ್ದು. ನಾನು ಮರೆತಿರಲಿಲ್ಲ, ಯೋಚಿಸಿರಲಿಲ್ಲ. ಅವತ್ತು ಆ ಎರಡು ಮಾತು ಓದಿ ನೀನು ಬಹಳ ಹೊತ್ತು ಫೋನು ಹಿಡಿದುಕೊಂಡೇ ನಿಂತಿದ್ದೆ. ಅದಕ್ಕೂ ಮೊದಲು ನಾನು ದಿನಾ ಬಸ್‌ಸ್ಟ್ಯಾಂಡಿನಿಂದ ಅವನ ಜೊತೆ ನಡೆದು ಬರುತ್ತಿದ್ದೆ, ನೀನು ಶಾಲೆಯ ಗೇಟಿನಲ್ಲಿ ಒಬ್ಬಳೇ ಕಾಯುತ್ತಿದ್ದೆ. ಆಮೇಲೆ ಮತ್ತೆ ನಾವಿಬ್ಬರೇ ಆದೆವು. ನೀನು ಎಷ್ಟು ಖುಷಿಯಾಗಿದ್ದೆ ಆ ತಿಂಗಳು. ನಾನೂ ಅಳು ಮರೆತು ನಿನ್ನ ಜೊತೆ ಎಷ್ಟು ನಕ್ಕೆ.

ನಿನಗೆ ಗೊತ್ತಿತ್ತೇನೇ ಜೇಬಾ?

ಗೊತ್ತಿರಲಿಲ್ಲ ಅಂತ ಬರೆದರೆ ನಂಬುತ್ತೇನೆ, ಮತ್ತೆ ಕೇಳುವುದಿಲ್ಲ. ಗೊತ್ತಿತ್ತು ಅನ್ನುವುದಾದರೆ ಪತ್ರದಲ್ಲಿ ಬೇಡ, ನಾನೇ ಭಾಲ್ಕಿಗೆ ಬರುತ್ತೇನೆ, ಎದುರಿಗೆ ಹೇಳು. ಎಲ್ಲರಿಂದಲೂ ಎದೆ ಕಾಯ್ದುಕೊಳ್ಳುವುದನ್ನು ಕಲಿಸಿದವಳು ನೀನು, ನಿನ್ನಿಂದ ಕಾಯ್ದುಕೊಳ್ಳುವುದು ನನಗೆ ಗೊತ್ತಿಲ್ಲ. ನಿನ್ನೆ ಸಂಜೆ ಸ್ವಪ್ನಿಲನ ಮೆಸೇಜ್ ಬಂದಿದೆ, ಇನ್ನೂ ಉತ್ತರ ಕೊಟ್ಟಿಲ್ಲ. ಏನು ಬರೆಯಲಿ ಅಂತ ಮೊದಲು ನಿನಗೇ ತೋರಿಸಬೇಕು ಅನಿಸುತ್ತಿದೆ.